ಪುಸ್ತಕ ಓದಿದ್ರೆ ಖುಷಿ ಬರುತ್ತಾ?

ಕನ್ನಡಿ ಮುಂದೆ ನಿಂತು "ನಾನು ಪ್ರೀತಿಗೆ ಯೋಗ್ಯ" ಅಂತ ದಿನಾ ಹೇಳ್ಕೊಳ್ಳಿ. ಸೆಲ್ಫ್ ಹೆಲ್ಪ್ ಪುಸ್ತಕಗಳ ಹಳೇ ಮಂತ್ರ ಇದು. 2009ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಇಂಥದ್ದೇ ಮಾತನ್ನ ಪರೀಕ್ಷೆಗೆ ಒಡ್ಡಿದ್ರು. ಮೊದಲೇ ಕೀಳರಿಮೆ ಇದ್ದವರಿಗೆ, ಹೇಳ್ಕೊಂಡ ಮೇಲೆ ಮನಸ್ಸು ಇನ್ನಷ್ಟು ಕುಗ್ಗಿತ್ತು! ಯಾರಿಗೆ ಬೇಕಿತ್ತೋ ಅವರಿಗೇ ತಿರುಗುಬಾಣ.

ಹಾಗಂತ ಎಲ್ಲಾ ರದ್ದಿಗೆ ಹಾಕ್ಬೇಡಿ. ಡೇವಿಡ್ ಬರ್ನ್ಸ್ 1980ರಲ್ಲಿ ಬರೆದ 'ಫೀಲಿಂಗ್ ಗುಡ್' ಓದಿ, ಖಿನ್ನತೆ ಇದ್ದ ಹಲವರು ನಾಲ್ಕೇ ವಾರದಲ್ಲಿ ಸುಧಾರಿಸಿದ್ದು 1995ರ ಅಧ್ಯಯನದಲ್ಲಿ ದಾಖಲಾಗಿದೆ. ಆ ಪುಸ್ತಕ ನಿಮ್ಮನ್ನ ಹೊಗಳಲ್ಲ, ಹೋಂವರ್ಕ್ ಕೊಡುತ್ತೆ. ಕಾಡೋ ಯೋಚನೆ ಬರೀರಿ, ಅದು ನಿಜವಾ ಅಂತ ಪಕ್ಕದಲ್ಲೇ ಉತ್ತರ ಬರೀರಿ. ಬೇಜಾರಿನ ಕೆಲಸ, ಗೊತ್ತು.

ಸಂಕಟ ತಡೆಯೋಕೆ ಆಗ್ತಿಲ್ವಾ? ಪುಸ್ತಕ ಹುಡುಕ್ತಾ ಕೂರ್ಬೇಡಿ. ಟೆಲಿ ಮಾನಸ್ ಸಹಾಯವಾಣಿ, 14416. ಉಚಿತ. ಕನ್ನಡದಲ್ಲೇ ಮಾತಾಡಿ.