ಬಿಸಿನೀರ ಕೆರೆಯ ಮೀನು

ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ಬಾಳೆಯೋ ಕೆಸುವೋ ಇದ್ದೇ ಇರುತ್ತದೆ. ಅದನ್ನು ಯಾರೂ ಮುತುವರ್ಜಿಯಿಂದ ಸಾಕಿದ್ದಲ್ಲ. ಮನೆಯವರು ಮಿಂದ ನೀರು ಅದರ ಪಾಲಿಗೆ ಬರುತ್ತದೆ, ಅದು ಬೆಳೆಯುತ್ತದೆ, ಗೊನೆ ಬಲಿತಾಗ ಕಡಿದು ತರುತ್ತಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಇದೇ ಬಗೆಯ ವ್ಯವಹಾರವೊಂದು ಐವತ್ತು ಅರುವತ್ತು ವರ್ಷಗಳಿಂದ ದೊಡ್ಡ ಪ್ರಮಾಣದಲ್ಲಿ ನಡೆದುಬಂದಿದೆ. ಅಲ್ಲಿ ಬಚ್ಚಲೆಂದರೆ ವಿದ್ಯುತ್ ಸ್ಥಾವರ. ಬಾಳೆಯ ಜಾಗದಲ್ಲಿ ಮೀನು.

ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುವುದು ತುಂಬ ದುಂದಿನ ಕೆಲಸ. ಒಲೆಗೆ ಹಾಕಿದ ಶಾಖದಲ್ಲಿ ನೂರಕ್ಕೆ ಸುಮಾರು 35 ಪಾಲು ಮಾತ್ರ ತಂತಿ ಸೇರುತ್ತದೆ. ಸ್ವಲ್ಪ ಚಿಮಣಿಯ ಪಾಲು. ಉಳಿದ ದೊಡ್ಡ ಭಾಗ ನೀರಿಗೆ ಹೋಗುತ್ತದೆ. ಟರ್ಬೈನನ್ನು ತಿರುಗಿಸಿ ಹೊರಬಂದ ಹಬೆಯನ್ನು ಮತ್ತೆ ನೀರಾಗಿಸದಿದ್ದರೆ ಯಂತ್ರ ನಡೆಯದು. ಅದಕ್ಕೆ ಸಾವಿರಾರು ಕೊಳವೆಗಳಲ್ಲಿ ತಣ್ಣೀರು ಹರಿಯಬೇಕು. ಹೀಗೆ ಹರಿದ ನೀರು ಸಾಮಾನ್ಯವಾಗಿ ಎಂಟು ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ ಹೊರಬೀಳುತ್ತದೆ. ಅದರಲ್ಲಿ ಕೊಳೆ ಇರುವುದಿಲ್ಲ, ಬರೀ ಶಾಖ. ಅದನ್ನು ಆರಿಸುವುದಕ್ಕೆ ತಂಪುಗೋಪುರ ಕಟ್ಟಬಹುದು. ಇಲ್ಲವೇ ಒಂದು ದೊಡ್ಡ ಕೆರೆಯನ್ನೇ ಕಟ್ಟಿಸಿ, ಒಂದು ತೋಳಿನಿಂದ ನೀರೆತ್ತಿ ಇನ್ನೊಂದು ತೋಳಿಗೆ ಬಿಡಬಹುದು. ನೀರು ಸುತ್ತುಹಾಕಿ ಬರುವಷ್ಟರಲ್ಲಿ ಆರಿರುತ್ತದೆ.

ಟೆಕ್ಸಾಸಿನಲ್ಲಿ ಹೇಳಿಕೊಳ್ಳುವಂಥ ಸಹಜ ಸರೋವರ ಎಂದರೆ ಲೂಸಿಯಾನಾ ಗಡಿಯ ಕ್ಯಾಡೋ ಒಂದೇ. ಹಾಗಾಗಿ ಅಲ್ಲಿನ ಕಂಪನಿಗಳು ಹಳ್ಳಗಳಿಗೆ ಕಟ್ಟೆ ಹಾಕಿ ತಮ್ಮ ಕೆರೆಗಳನ್ನು ತಾವೇ ಮಾಡಿಕೊಂಡವು. ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವಣ ಹೆದ್ದಾರಿಯಲ್ಲಿರುವ ಫೇರ್‌ಫೀಲ್ಡ್ ಎಂಬ ಸಣ್ಣ ಊರಿನ ಹತ್ತಿರ 1969ರಲ್ಲಿ ಬಿಗ್ ಬ್ರೌನ್ ಹಳ್ಳಕ್ಕೆ ಅಡ್ಡಗಟ್ಟೆ ಬಿತ್ತು. ಸುಮಾರು 2,400 ಎಕರೆಯ ನೀರು ನಿಂತಿತು. ದಡದ ಸ್ಥಾವರ ಅಲ್ಲಿಯೇ ಅಗೆದ ಲಿಗ್ನೈಟನ್ನು ಸುಡಲು 1971ರಲ್ಲಿ ಶುರುಮಾಡಿತು. ಕಂಪನಿ ದಡದ 1,800ಕ್ಕೂ ಹೆಚ್ಚು ಎಕರೆ ಜಾಗವನ್ನು ರಾಜ್ಯ ಸರ್ಕಾರಕ್ಕೆ ಗೇಣಿಗೆ ಕೊಟ್ಟಿತು. 1976ರಲ್ಲಿ ಅದು ಫೇರ್‌ಫೀಲ್ಡ್ ಲೇಕ್ ಸ್ಟೇಟ್ ಪಾರ್ಕ್ ಎಂಬ ಹೆಸರಿನಿಂದ ಜನರಿಗೆ ತೆರೆಯಿತು. ಬಿಡಾರ ಹೂಡುವವರು, ದೋಣಿಯವರು, ಮುಖ್ಯವಾಗಿ ಗಾಳದವರು ಬರತೊಡಗಿದರು.

ಗಾಳದವರಿಗೆ ಚಳಿಗಾಲವೇ ಸುಗ್ಗಿ. ಜನವರಿಯಲ್ಲಿ ಆ ಸೀಮೆಯ ಬೇರೆ ಕೆರೆಗಳು ಕೊರೆಯುವಾಗ ಇಲ್ಲಿ ಬಿಸಿನೀರು ಬೀಳುವ ಕಾಲುವೆಯ ಮೇಲೆ ಹಬೆಯಾಡುತ್ತಿರುತ್ತಿತ್ತು. ಚಳಿ ತಡೆಯಲಾರದ ಶ್ಯಾಡ್ ಎಂಬ ಬೆಳ್ಳಿಬಣ್ಣದ ಪುಟ್ಟ ಮೀನುಗಳು ಅಲ್ಲಿಗೆ ಮುತ್ತುತ್ತಿದ್ದವು. ಅವನ್ನು ನುಂಗಲು ಅಗಲಬಾಯಿಯ ಬಾಸ್ ಮೀನುಗಳು. ಅವುಗಳ ಬೆನ್ನಿಗೆ ಮನುಷ್ಯರು. ಬಾಸ್ ಮೊಟ್ಟೆಯಿಡುವುದು ನೀರಿನ ಬಿಸುಪನ್ನು ನೋಡಿ. ಬೇರೆಡೆ ವಸಂತದಲ್ಲಿ ಆಗುವ ಕೆಲಸ ಇಂಥ ಕೆರೆಗಳಲ್ಲಿ ವಾರಗಟ್ಟಲೆ ಮೊದಲೇ ಮುಗಿಯುತ್ತದೆ. ಸ್ಥಾವರ ನಡೆಯುತ್ತಿದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡು ಹೊರಡುವುದು ಇಲ್ಲಿನ ಗಾಳಗಾರರ ಪದ್ಧತಿ. ನಮ್ಮಲ್ಲಿ ಪಂಚಾಂಗ ನೋಡಿದಂತೆ ಎನ್ನಿ!

ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಸಿಕೊಳ್ಳುವ ತಿಲಾಪಿಯಾ ಕೂಡ ಅಲ್ಲಿ ಬದುಕಿದ್ದು ಈ ಬಿಸಿನೀರಿನ ದೆಸೆಯಿಂದ. ಅದು ಆಫ್ರಿಕದ ಮೂಲದ್ದು. ನೀರು ಸುಮಾರು ಹತ್ತು ಡಿಗ್ರಿಗೆ ಇಳಿದರೆ ಸಾಯುತ್ತದೆ. ಆದರೆ ಸೋಜಿಗದ ಅತಿಥಿ ಎಂದರೆ ರೆಡ್ ಡ್ರಮ್. ಇದು ಸಮುದ್ರದ ಮೀನು: ತಾಮ್ರದ ಮೈ, ಬಾಲದ ಬುಡದಲ್ಲೊಂದು ಕಪ್ಪು ಬೊಟ್ಟು. ಗಂಡು ಮೀನು ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಡೋಲಿನಂಥ ಸದ್ದು ಹೊರಡಿಸುವುದರಿಂದ ಆ ಹೆಸರು. ಇದನ್ನು ವಿಪರೀತ ಹಿಡಿದದ್ದರ ಫಲವಾಗಿ ಟೆಕ್ಸಾಸ್ 1981ರಲ್ಲಿ ತನ್ನ ಕಡಲಿನ ರೆಡ್ ಡ್ರಮ್ ಮಾರಾಟವನ್ನೇ ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಸರ್ಕಾರಿ ಮರಿಕೇಂದ್ರಗಳು ಲಕ್ಷಗಟ್ಟಲೆ ಮರಿಗಳನ್ನು ಬೆಳೆಸತೊಡಗಿದವು. ಹೆಚ್ಚಿನವು ಕಡಲಿಗೆ ಹೋದವು, ಕೆಲವು ಸ್ಥಾವರದ ಕೆರೆಗಳಿಗೆ. ಬಿಸಿಯಾದ ನೀರು ಹೆಚ್ಚು ಆವಿಯಾಗಿ ಲವಣಗಳು ಉಳಿಯುವುದರಿಂದ ಸಮುದ್ರದ ಜೀವಕ್ಕೆ ಆ ನೀರು ತೀರ ಪರಕೀಯವೂ ಅಲ್ಲ. 2001ರಲ್ಲಿ ಫೇರ್‌ಫೀಲ್ಡ್ ಕೆರೆಯಲ್ಲಿ ಸಿಕ್ಕ ಒಂದು ರೆಡ್ ಡ್ರಮ್ 36.83 ಪೌಂಡ್, ಎಂದರೆ ಹದಿನಾರೂವರೆ ಕಿಲೋಗೂ ಹೆಚ್ಚು ತೂಗಿ, ಸಿಹಿನೀರಿನಲ್ಲಿ ಆ ರಾಜ್ಯದ ದಾಖಲೆಯಾಯಿತು.

ಆದರೆ ಈ ಮೀನು ಸಿಹಿನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ. ಮತ್ತೆ ಮತ್ತೆ ಬಿತ್ತನೆ ಮಾಡುತ್ತಲೇ ಇರಬೇಕು, ಚಳಿಗಾಲದಲ್ಲಿ ಸ್ಥಾವರ ಕಾಯಿಸುತ್ತಲೇ ಇರಬೇಕು. ಎರಡರಲ್ಲಿ ಯಾವುದು ನಿಂತರೂ ಕತೆ ಮುಗಿಯಿತು.

ಬೇಸಿಗೆಯಲ್ಲಿ ಇದೇ ಶಾಖ ಉಲ್ಟಾ ಹೊಡೆಯುತ್ತದೆ. ಹತ್ತು ಡಿಗ್ರಿಯ ಒಂದು ಲೀಟರ್ ನೀರು ಹನ್ನೊಂದು ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 35 ಡಿಗ್ರಿಯ ನೀರಿನಲ್ಲಿ ಹಿಡಿಯುವುದು ಏಳು ಮಿಲಿಗ್ರಾಮಿನಷ್ಟು. ಮೀನು ಶೀತರಕ್ತದ ಪ್ರಾಣಿ. ನೀರು ಹತ್ತು ಡಿಗ್ರಿ ಏರಿದರೆ ಅದರ ಉಸಿರಿನ ಅಗತ್ಯ ಸುಮಾರು ಇಮ್ಮಡಿಯಾಗುತ್ತದೆ. ಬೇಕಾದ್ದು ಹೆಚ್ಚಿದಾಗಲೇ ಸಿಗುವುದು ಕಡಿಮೆ! ಇನ್ನು ಚಳಿಗಾಲದಲ್ಲಿ ಸ್ಥಾವರ ಥಟ್ಟನೆ ನಿಂತರೆ ಬೇರೊಂದು ಆಪತ್ತು. 1972ರ ಜನವರಿಯಲ್ಲಿ ನ್ಯೂಜೆರ್ಸಿಯ ಆಯಿಸ್ಟರ್ ಕ್ರೀಕ್ ಅಣುಸ್ಥಾವರ ನಿಂತಾಗ, ಬಿಸಿನೀರನ್ನು ನಂಬಿ ದಕ್ಷಿಣಕ್ಕೆ ವಲಸೆ ಹೋಗದೆ ಉಳಿದಿದ್ದ ಮೆನ್‌ಹೇಡನ್ ಮೀನುಗಳು, ನಮ್ಮ ಬೂತಾಯಿಯ ದೂರದ ನೆಂಟರು, ರಾಶಿ ರಾಶಿಯಾಗಿ ಸತ್ತು ತೇಲಿದವು.

ಕಲ್ಲಿದ್ದಲಿನ ಕೆರೆಗಳಿಗೆ ಬೂದಿಯ ಕಾಟವೂ ಉಂಟು. ಪೂರ್ವ ಟೆಕ್ಸಾಸಿನ ಮಾರ್ಟಿನ್ ಕೆರೆಯಲ್ಲಿ 1978-79ರಲ್ಲಿ ಮೀನು ಸತ್ತದ್ದು ಶಾಖದಿಂದಲ್ಲ, ಬೂದಿಹೊಂಡದ ನೀರಿನೊಡನೆ ಬಂದ ಸೆಲೆನಿಯಂನಿಂದ. 'ಬರೀ ಶಾಖ' ಎಂದು ಮೇಲೆ ಬರೆದ ಮಾತು ಸ್ಥಾವರದ ಉಳಿದ ಹೊಲಸು ಬೇರೆಯೇ ಇದ್ದಾಗ ಮಾತ್ರ ಸಲ್ಲುತ್ತದೆ.

ಇಂಥದು ನಮ್ಮಲ್ಲೂ ಇದೆಯೇ ಎಂದರೆ, ಕಾಳಿ ನದಿಯ ಕದ್ರಾ ಜಲಾಶಯವಿದೆ. ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳು, ಒಂದೊಂದೂ 220 ಮೆಗಾವಾಟಿನವು, 2000ದಿಂದ 2011ರ ನಡುವೆ ಕೆಲಸ ಆರಂಭಿಸಿ ಅದರ ನೀರಿನಿಂದಲೇ ತಣಿಯುತ್ತಿವೆ. ಅಣುಸ್ಥಾವರಕ್ಕೆ ಶಾಖ ಬಿಡುವ ಚಿಮಣಿಯಿಲ್ಲ, ಹೆಚ್ಚುಕಡಿಮೆ ಮಿಕ್ಕ ಶಾಖವೆಲ್ಲ ನೀರಿಗೇ. ಆದರೆ ಕಾರವಾರದ ಕಡೆ ಮೀನು ನಡುಗುವ ಚಳಿಯೇ ಬೀಳುವುದಿಲ್ಲವಾದ್ದರಿಂದ ಟೆಕ್ಸಾಸಿನ ಚಳಿಗಾಲದ ಲಾಭ ಇಲ್ಲಿ ಸಿಗದು. ಉಷ್ಣವಲಯದ ಮೀನು ಮೊದಲೇ ತನ್ನ ತಾಳಿಕೆಯ ಮೇಲಂಚಿಗೆ ಹತ್ತಿರ ಬದುಕಿರುತ್ತದೆ. ಇಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇನ್ನೊಂದು ವ್ಯತ್ಯಾಸ, ಕದ್ರಾ ಅಣೆಕಟ್ಟು ಸರ್ಕಾರದ ವಿದ್ಯುತ್ ನಿಗಮದ್ದು. ಫೇರ್‌ಫೀಲ್ಡಿನದು ಹಾಗಿರಲಿಲ್ಲ.

ಅಗ್ಗದ ಅನಿಲ, ಗಾಳಿಯ ವಿದ್ಯುತ್ತುಗಳೊಡನೆ ಪೈಪೋಟಿ ನಡೆಸಲಾರದೆ ಬಿಗ್ ಬ್ರೌನ್ ಸ್ಥಾವರ 2018ರ ಫೆಬ್ರವರಿಯಲ್ಲಿ ಮುಚ್ಚಿತು. ಪರಿಸರದ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿಯೇ, ಆ ಹೊಗೆಯನ್ನು ಕುಡಿದವರನ್ನು ಕೇಳಬೇಕು. ಆದರೆ ನೀರು ಆರಿತು. ರೆಡ್ ಡ್ರಮ್ ಬಿತ್ತನೆ ನಿಂತಿತು. ಬಾಸ್ ಮೀನಿಗೆ ಅಷ್ಟೇನೂ ತೊಂದರೆಯಿಲ್ಲ, ಅದು ಆ ಸೀಮೆಯದೇ. ಸಂಕಟಕ್ಕೆ ಸಿಕ್ಕಿದವರು ದಡದವರು. ಸ್ಥಾವರವಿಲ್ಲದ ಮೇಲೆ ಕಂಪನಿಗೆ ಕೆರೆ ಏಕೆ ಬೇಕು? ಗೇಣಿ ಮುಗಿಸುವ ನೋಟೀಸು ಬಂತು. ಕೆರೆಯೂ ಸೇರಿ ಸುಮಾರು 5,000 ಎಕರೆಯನ್ನು 11 ಕೋಟಿ ಡಾಲರಿಗೂ ಮೀರಿದ ಬೆಲೆ ಹೇಳಿ ಮಾರಾಟಕ್ಕೆ ಇಟ್ಟರು. ಶ್ರೀಮಂತರ ಮನೆ, ಗಾಲ್ಫ್ ಮೈದಾನಗಳ ಯೋಜನೆ ಹೊತ್ತ ಡಲ್ಲಾಸಿನ ಸಂಸ್ಥೆಯೊಂದು ಕೊಂಡಿತು. 2023ರ ಜೂನ್‌ನಲ್ಲಿ ಉದ್ಯಾನದ ಬಾಗಿಲು ಮುಚ್ಚಿತು.

ಕಾನೂನಿನ ತಮಾಷೆ ನೋಡಿ. ಟೆಕ್ಸಾಸಿನಲ್ಲಿ ಹರಿವ ನೀರು ರಾಜ್ಯದ ಸ್ವತ್ತು. ಅದರಲ್ಲಿರುವ ಮೀನು ಜನರ ಸ್ವತ್ತು, ಮರಿ ಬಿಟ್ಟಿದ್ದೂ ಸರ್ಕಾರದ ದುಡ್ಡಿನಲ್ಲೇ. ಆದರೆ ನೀರಿನ ಅಡಿಯ ಮಣ್ಣು, ದಡ, ದೋಣಿ ಇಳಿಸುವ ಜಾರು ಎಲ್ಲವೂ ಖಾಸಗಿ. ದಡವಿಲ್ಲದವನಿಗೆ ಮೀನು ಇದ್ದೂ ಇಲ್ಲ. ಸುಮಾರು ಐವತ್ತು ವರ್ಷ ಜನ ಅದನ್ನು ತಮ್ಮ ಕೆರೆ ಎಂದುಕೊಂಡಿದ್ದರು. ಹಾಗೆಂದು ಹೇಳುವ ಒಂದು ಕಾಗದವೂ ಅವರ ಬಳಿ ಇರಲಿಲ್ಲ. ಉದ್ಯಾನ ಇಲಾಖೆ ಅದೇ ಜೂನ್‌ನಲ್ಲಿ ಕಡ್ಡಾಯ ಭೂಸ್ವಾಧೀನಕ್ಕೆ ಹೊರಟಿತು. ನ್ಯಾಯಾಲಯ ನೇಮಿಸಿದ ಸಮಿತಿ ಆ ಜಾಗಕ್ಕೆ ಸುಮಾರು 41.8 ಕೋಟಿ ಡಾಲರ್ ಬೆಲೆ ಕಟ್ಟಿತು. ಇಲಾಖೆ ಅಂದುಕೊಂಡಿದ್ದಕ್ಕಿಂತ ಅದು ಬಹಳ ಹೆಚ್ಚು. ವರ್ಷ ಮುಗಿಯುವ ಮುನ್ನ ಇಲಾಖೆ ಕೈಬಿಟ್ಟಿತು. ಅದೇ ನವೆಂಬರ್‌ನಲ್ಲಿ ಟೆಕ್ಸಾಸಿನ ಮತದಾರರು ಹೊಸ ಉದ್ಯಾನಗಳಿಗೆ ಜಾಗ ಕೊಳ್ಳಲು ನೂರು ಕೋಟಿ ಡಾಲರಿನ ನಿಧಿಗೆ ಒಪ್ಪಿಗೆ ಕೊಟ್ಟರು. ಫೇರ್‌ಫೀಲ್ಡಿನ ಮಟ್ಟಿಗೆ ಊಟ ಮುಗಿದ ಮೇಲೆ ಎಲೆ ಹಾಕಿದಂತಾಯಿತು.

ರೆಡ್ ಡ್ರಮ್ ಹುಡುಕುವವರು ಆಮೇಲೆ ನೆಚ್ಚಿದ್ದು ಮುಖ್ಯವಾಗಿ ಸ್ಯಾನ್ ಆಂಟೋನಿಯೋ ನಗರದ ಬ್ರಾನಿಗ್ ಮತ್ತು ಕಲಾವೆರಸ್ ಎಂಬ ಜೋಡಿ ಕೆರೆಗಳನ್ನು. ಅವು ನಗರದ ಸ್ವಂತ ವಿದ್ಯುತ್ ಸಂಸ್ಥೆಯವು, ದಡ ಅಷ್ಟು ಸುಲಭವಾಗಿ ಕೈಬದಲಾಗುವುದಿಲ್ಲ. ಆದರೆ ಕಲಾವೆರಸಿನ ದಡದಲ್ಲೂ ಕಲ್ಲಿದ್ದಲಿನ ಹಳೆಯ ಸ್ಥಾವರವೊಂದು 2018ರಲ್ಲಿ ಮುಚ್ಚಿದೆ. ಉಳಿದ ಎರಡು ಕಲ್ಲಿದ್ದಲು ಘಟಕಗಳಲ್ಲಿ ಒಂದನ್ನು 2028ರ ವೇಳೆಗೆ ನಿಲ್ಲಿಸಿ ಇನ್ನೊಂದನ್ನು ಅನಿಲಕ್ಕೆ ಬದಲಾಯಿಸುವುದೆಂದು 2023ರ ಜನವರಿಯಲ್ಲಿ ತೀರ್ಮಾನವಾಯಿತು. ಅನಿಲವಾದರೂ ಹಬೆ ಆರಬೇಕು, ನೀರು ಕಾಯಬೇಕು. ಅಷ್ಟು ಕಾವು ಚಳಿಗಾಲಕ್ಕೆ ಸಾಕಾದರೆ ಆ ಕೆರೆಯಲ್ಲಿ ಬಾಲಕ್ಕೆ ಕಪ್ಪು ಬೊಟ್ಟಿನ ಮೀನು ಉಳಿದೀತು.