ಫೋನಿನ ಬ್ರೌಸರ್‌ಗೆ ಇಂಟರ್‌ನೆಟ್ ಸಿಗದಿದ್ದಾಗ: ದೋಷದ ಪತ್ತೆ ಮತ್ತು ಪರಿಹಾರ

ಪಹಣಿ, ಬೆಳೆ ವಿಮೆ, ಮಾರುಕಟ್ಟೆ ಧಾರಣೆ, ಹವಾಮಾನ ಮುನ್ಸೂಚನೆ ಮುಂತಾದ ಮಾಹಿತಿಗಳು ಇಂದು ಮೊಬೈಲ್ ಫೋನಿನ ಬ್ರೌಸರ್ ಮೂಲಕ ದೊರೆಯುತ್ತವೆ. ಬ್ರೌಸರ್ ತೆರೆದಾಗ 'ಸಂಪರ್ಕ ಇಲ್ಲ' ಎಂಬ ಸೂಚನೆ ಬಂದರೆ ಫೋನೇ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಅನೇಕ ಸಂದರ್ಭಗಳಲ್ಲಿ ರೈತರು ಖರ್ಚಿಲ್ಲದೆ ತಾವೇ ಇದನ್ನು ಸರಿಪಡಿಸಿಕೊಳ್ಳಬಹುದು.

ತಡವಾದರೆ ಆಗುವ ನಷ್ಟ

ಯಲಬುರ್ಗಾ, ಕುಷ್ಟಗಿ ಭಾಗದಲ್ಲಿ ಕಡಲೆ ಕಿತ್ತು ಹೊಲದಲ್ಲಿ ಒಣಗಲು ಬಿಟ್ಟಾಗ ಅಕಾಲಿಕ ಮಳೆಯಿಂದ ಹಾನಿಯಾಯಿತೆನ್ನಿ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದವರು ಇಂತಹ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಈ ಅವಧಿಯಲ್ಲಿ ಒಂದು ದಿನ ವ್ಯರ್ಥವಾದರೂ ತೊಂದರೆಯೇ.

ದೋಷ ಎಲ್ಲಿದೆ?

ಗಂಗಾವತಿ ಭಾಗದ ಭತ್ತದ ಬೆಳೆಗಾರರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಪರಿಚಿತ. ಗದ್ದೆಗೆ ನೀರು ಬಾರದಿದ್ದರೆ ಹೊಲಗಾಲುವೆಯಲ್ಲಿ ಹೂಳಿದೆಯೋ, ತೂಬು ಮುಚ್ಚಿದೆಯೋ, ಮೇಲಿನ ಕಾಲುವೆಯಲ್ಲೇ ನೀರಿಲ್ಲವೋ ಎಂದು ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ಜಾಲತಾಣವು ಜಲಾಶಯವಿದ್ದಂತೆ, ಟವರ್ ಕಾಲುವೆ, ಫೋನಿನ ಡೇಟಾ ತೂಬು, ಬ್ರೌಸರ್ ಹೊಲಗಾಲುವೆ. ಯಾವ ಹಂತದಲ್ಲಿ ತಡೆಯಿದೆ ಎಂದು ಮೊದಲು ತಿಳಿಯಬೇಕು.

ಪರೀಕ್ಷಿಸುವ ಕ್ರಮ

1. ಬೇರೊಂದು ಜಾಲತಾಣವನ್ನು ತೆರೆದು ನೋಡಿರಿ. ಅದು ತೆರೆದರೆ ನಿಮ್ಮ ಫೋನ್ ಸರಿಯಾಗಿದೆ. ಮೊದಲಿನ ವಿಳಾಸದಲ್ಲಿ ಅಕ್ಷರ ತಪ್ಪಿರಬಹುದು, ಇಲ್ಲವೆ ಆ ಜಾಲತಾಣದ ಮೇಲೆ ಒತ್ತಡ ಹೆಚ್ಚಿರಬಹುದು. ನೋಂದಣಿಯ ಕೊನೆಯ ದಿನಗಳಲ್ಲಿ ಹೀಗಾಗುವುದುಂಟು. ರಾತ್ರಿ ಅಥವಾ ಬೆಳಗಿನ ಜಾವ ಪುನಃ ಪ್ರಯತ್ನಿಸಿರಿ.

2. ಯಾವ ಜಾಲತಾಣವೂ ತೆರೆಯದೆ, ವಾಟ್ಸಾಪ್ ಕೂಡ ನಡೆಯದಿದ್ದರೆ ಮೊಬೈಲ್ ಡೇಟಾ ಆನ್ ಇದೆಯೇ, ರೀಚಾರ್ಜ್ ಅವಧಿ ಮುಗಿದಿದೆಯೇ ಎಂದು ನೋಡಬೇಕು. ಕರೆ ಹೋಗುತ್ತಿದೆ ಎಂದ ಮಾತ್ರಕ್ಕೆ ಡೇಟಾ ಉಳಿದಿದೆ ಎಂದರ್ಥವಲ್ಲ. ಬಳಿಕ ವಿಮಾನದ ಗುರುತನ್ನು ಒತ್ತಿ, ಹತ್ತು ಸೆಕೆಂಡಿನ ನಂತರ ತೆಗೆಯಿರಿ. ಇದರಿಂದ ಫೋನ್ ಟವರಿನೊಡನೆ ಹೊಸದಾಗಿ ಸಂಪರ್ಕ ಸಾಧಿಸುತ್ತದೆ. ಅದೇ ಕಂಪನಿಯ ಸಿಮ್ ಇರುವ ನೆರೆಯವರ ಫೋನಿನಲ್ಲಿಯೂ ಇಂಟರ್‌ನೆಟ್ ಇಲ್ಲದಿದ್ದರೆ ದೋಷ ಟವರಿನ ಕಡೆ ಇರುವ ಸಂಭವ ಹೆಚ್ಚು.

3. ವಾಟ್ಸಾಪ್ ನಡೆಯುತ್ತಿದ್ದು ಬ್ರೌಸರ್ ಮಾತ್ರ ತೆರೆಯದಿದ್ದರೆ ಅದನ್ನು ಪೂರ್ತಿ ಮುಚ್ಚಿ, ಫೋನನ್ನು ಒಮ್ಮೆ ಆರಿಸಿ ಹಚ್ಚಿರಿ. ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್‌ಗೆ ಡೇಟಾ ತಡೆಹಿಡಿದಿದ್ದರೆ ಬಿಡಿಸಿರಿ. ವಿಪಿಎನ್ ಇದ್ದರೆ ನಿಲ್ಲಿಸಿರಿ. ಬ್ರೌಸರ್ ಹಳೆಯದಾಗಿದ್ದರೆ ಪ್ಲೇ ಸ್ಟೋರ್‌ನಿಂದ ನವೀಕರಿಸಬೇಕು.

4. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದರೆ ಫೋನಿನ ದಿನಾಂಕ ಮತ್ತು ವೇಳೆ ನೋಡಿರಿ. ಸುರಕ್ಷಿತ ಜಾಲತಾಣದ ಪ್ರಮಾಣಪತ್ರಕ್ಕೆ ನಿಗದಿತ ಅವಧಿ ಇರುತ್ತದೆ. ಫೋನಿನ ದಿನಾಂಕ ತಪ್ಪಾಗಿದ್ದರೆ ಸರಿಯಾದ ಪ್ರಮಾಣಪತ್ರವನ್ನೂ ಬ್ರೌಸರ್ ಒಪ್ಪುವುದಿಲ್ಲ. ದಿನಾಂಕ ಸರಿಪಡಿಸಿದ ಮೇಲೂ ಎಚ್ಚರಿಕೆ ಉಳಿದರೆ ಅಲ್ಲಿ ಆಧಾರ್ ಅಥವಾ ಬ್ಯಾಂಕ್ ವಿವರಗಳನ್ನು ತುಂಬಬಾರದು.

5. ವೈಫೈ ಬಳಸುತ್ತಿದ್ದರೆ ಅದನ್ನು ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿರಿ. ಆಗ ತೆರೆದರೆ ದೋಷ ವೈಫೈ ಕಡೆ ಇದೆ.

ಎಚ್ಚರಿಕೆ

ಇಂಟರ್‌ನೆಟ್ ಸರಿಪಡಿಸುತ್ತೇವೆಂದು ಅಪರಿಚಿತರು ಕಳುಹಿಸಿದ ಆ್ಯಪ್ ಹಾಕಿಕೊಳ್ಳಬಾರದು. ಓಟಿಪಿ ಯಾರಿಗೂ ಹೇಳಬಾರದು.

ಇಷ್ಟಾಗಿಯೂ ಸರಿಹೋಗದಿದ್ದರೆ ಕಾಯುತ್ತ ಕೂರದೆ ಬೆಳೆ ವಿಮೆಯ 14447 ಸಂಖ್ಯೆಗೆ ಕರೆ ಮಾಡಿ ಹಾನಿಯನ್ನು ತಿಳಿಸಿರಿ. ಈ ಕರೆಗೆ ಇಂಟರ್‌ನೆಟ್ ಬೇಕಿಲ್ಲ. ಸಮೀಪದ ರೈತ ಸಂಪರ್ಕ ಕೇಂದ್ರವನ್ನೂ ಸಂಪರ್ಕಿಸಬಹುದು. ದೂರು ದಾಖಲಾದ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು.