ಐದು ವರ್ಷ ರೋವರ್ಸ್ ಕಪ್ ಬಿಟ್ಟುಕೊಡದ ಪೊಲೀಸ್ ತಂಡ

1956ರ ನವೆಂಬರ್ 1ರಂದು, ಆಗ ರಾಯಚೂರು ಜಿಲ್ಲೆಯಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ನಾಡನ್ನು ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ಸೆಮಿಫೈನಲ್ ತಲುಪಿತು. ಅದರ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ನೂರ್ ಮೊಹಮ್ಮದ್, ಅಜೀಜುದ್ದೀನ್ ಅವರಂಥ ಆಟಗಾರರನ್ನು ಕೊಟ್ಟದ್ದು ಹೈದರಾಬಾದ್ ಸಿಟಿ ಪೊಲೀಸ್ ತಂಡ.

ನಮ್ಮ ಹಿರಿಯರು ಹೈದರಾಬಾದ್ ರಾಜ್ಯದ ಪ್ರಜೆಗಳಾಗಿದ್ದ ಕಾಲದಲ್ಲಿ ಇದು ಅವರದೇ ರಾಜ್ಯದ ತಂಡ. ರಹೀಮ್ ಇದರ ಹೊಣೆ ಹೊತ್ತದ್ದು 1950ರಲ್ಲಿ. ಅದೇ ವರ್ಷ ತಂಡ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡುರಾಂಡ್ ಕಪ್ ಗೆದ್ದಿತು. ಮುಂಬೈಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಐದು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ಬ್ರಿಟಿಷ್ ಸೇನಾ ತಂಡಗಳೇ ಬಹುಕಾಲ ಆಳಿದ್ದ ಆ ಕಪ್ಪನ್ನು 1937ರಲ್ಲಿ ಗೆದ್ದು ದಾರಿ ತೆರೆದವರು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡದವರು. ಆ ದಾರಿಯಲ್ಲಿ ಹೈದರಾಬಾದಿನವರು ಬಹಳ ದೂರ ನಡೆದರು.

ರಹೀಮ್ ವೃತ್ತಿಯಿಂದ ಶಿಕ್ಷಕರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದಕ್ಕಿಂತ, ಬಂದ ಕೂಡಲೇ ಪಕ್ಕದವನಿಗೆ ದಾಟಿಸುವ ಆಟವನ್ನು ಕಲಿಸಿದರು. ಡ್ರಿಬಲ್ ಮಾಡುವಂತಿಲ್ಲ ಎಂಬ ನಿಯಮದ ಪಂದ್ಯಗಳನ್ನೂ, ದುರ್ಬಲ ಕಾಲಿನಿಂದಷ್ಟೇ ಒದೆಯಬೇಕಾದ ಪಂದ್ಯಗಳನ್ನೂ ಆಡಿಸಿದರು. ಹುಡುಗನ ಎರಡೂ ಕಾಲು ಪಳಗುತ್ತಿದ್ದುದು ಹೀಗೆ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಬಂದ ಚಿನ್ನದ ಪದಕಗಳ ಹಿಂದೆಯೂ ಇದ್ದವರು ಅವರೇ. 1963ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಂಧ್ರಪ್ರದೇಶ ಪೊಲೀಸ್ ಎಂದು ಹೆಸರು ಬದಲಿಸಿಕೊಂಡಿದ್ದ ತಂಡದ ವೈಭವ ಆಮೇಲೆ ಇಳಿಯುತ್ತ ಹೋಯಿತು.

ರಾಜ್ಯದ ಗಡಿ ಬದಲಾದ ಮೇಲೆ ಈ ಕಥೆ ಆಚೆ ಬದಿಗೆ ಉಳಿಯಿತು. 2024ರ ‘ಮೈದಾನ್’ ಚಿತ್ರದಿಂದ ರಹೀಮ್ ಹೆಸರು ಮತ್ತೆ ಕೇಳಿಬಂತು, ಆದರೆ ಅದು ನಮ್ಮ ಚರಿತ್ರೆಯ ಪುಟವೂ ಹೌದು ಎಂದು ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ರಹೀಮರ ಪದ್ಧತಿಗೆ ದುಬಾರಿ ಸಲಕರಣೆ ಬೇಕಿಲ್ಲ. ಒಂದು ಚೆಂಡು, ಒಂದಿಷ್ಟು ಬಯಲು, ತಾಳ್ಮೆಯುಳ್ಳ ಒಬ್ಬ ಮೇಷ್ಟ್ರು ಸಾಕು. ಕುಷ್ಟಗಿ, ಯಲಬುರ್ಗಾದ ಶಾಲೆಗಳ ದೈಹಿಕ ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ಎಡಗಾಲಿನ ಪಂದ್ಯವೊಂದನ್ನು ಏರ್ಪಡಿಸಲಿ, ಅದಕ್ಕೆ ರಹೀಮ್ ಸಾಹೇಬರ ಹೆಸರನ್ನೇ ಇಡಲಿ.